ಇಂಗ್ಲೆಂಡಿನಲ್ಲಿ ಮನೆಯಲ್ಲೇ ಹೆರಿಗೆ: ಹೇಗೆ ನಿರ್ಧರಿಸುವುದು, ಏನೇನು ತಯಾರಿ ಬೇಕು

"ಅಕ್ಕಾ, ನೀವು ಎರಡನೇದನ್ನ ಮನೇಲೇ ಹೆತ್ತಿರಂತೆ, ಭಯ ಆಗ್ಲಿಲ್ವಾ?" ಇಲ್ಲಿನ ಕನ್ನಡದ ಹೆಣ್ಣುಮಕ್ಕಳು ಬಸುರಿ ಅಂತ ಗೊತ್ತಾದ ಮೇಲೆ ನನಗೆ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಆಯ್ತು ಅಂತಲೇ ಹೇಳುತ್ತೇನೆ. ಆಮೇಲೆ ನಾನೂ ಮೂರು ಪ್ರಶ್ನೆ ಕೇಳುತ್ತೇನೆ. ಇದು ಎಷ್ಟನೇ ಮಗು? ಆಸ್ಪತ್ರೆ ಎಷ್ಟು ದೂರ? ಹೆರಿಗೆ ಮಾಡಿಸಲು ಮನೆಗೆ ಬರುವ ಮಿಡ್‌ವೈಫ್ "ಹೊರಡೋಣ" ಅಂದ ತಕ್ಷಣ ಎದ್ದು ಹೊರಡೋಕೆ ಮನಸ್ಸಿದೆಯಾ? ಈ ಮೂರಕ್ಕೂ ಒಳ್ಳೆಯ ಉತ್ತರ ಇದ್ದರೆ ಮಿಕ್ಕಿದ್ದೆಲ್ಲ ಟವೆಲ್ಲು, ಪ್ಲಾಸ್ಟಿಕ್ ಹಾಳೆ, ಬಿಸಿನೀರಿನ ಲೆಕ್ಕ.

ಮೊದಲ ಪ್ರಶ್ನೆಯೇ ಮುಖ್ಯ. 2011ರಲ್ಲಿ ಇಂಗ್ಲೆಂಡಿನಲ್ಲಿ ಬರ್ತ್‌ಪ್ಲೇಸ್ ಅನ್ನುವ ದೊಡ್ಡ ಅಧ್ಯಯನ ಹೊರಬಂತು. ಯಾವ ತೊಂದರೆಯೂ ಇಲ್ಲದ ಬಸುರಿಯರ ಸುಮಾರು 64,000 ಹೆರಿಗೆಗಳನ್ನು ನೋಡಿದ್ದರು. ಎರಡನೇ ಅಥವಾ ಅದರ ನಂತರದ ಮಗು ಆದರೆ, ಮನೆಯಲ್ಲಿ ಹೆರಲು ಹೊರಟವರ ಮಕ್ಕಳಿಗೂ ಆಸ್ಪತ್ರೆಯಲ್ಲಿ ಹೆರಲು ಹೊರಟವರ ಮಕ್ಕಳಿಗೂ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆ ಆರಿಸಿಕೊಂಡವರಲ್ಲಿ ತಾಯಿಗೆ ಸಿಸೇರಿಯನ್, ಫೋರ್ಸೆಪ್ಸ್ (ಇಕ್ಕಳ ಹಾಕಿ ಮಗು ತೆಗೆಯುವುದು) ಇವೆಲ್ಲ ಕಡಿಮೆಯೇ ಆಗಿದ್ದವು. ಮೊದಲ ಮಗುವಿನ ಲೆಕ್ಕ ಬೇರೆ. ಆಸ್ಪತ್ರೆ ಆರಿಸಿಕೊಂಡವರಲ್ಲಿ ಸಾವಿರಕ್ಕೆ 5.3 ಮಕ್ಕಳಿಗೆ ಗಂಭೀರ ತೊಂದರೆಯಾದರೆ, ಮನೆ ಆರಿಸಿಕೊಂಡವರಲ್ಲಿ 9.3. ಮನೆಯಲ್ಲಿ ಶುರು ಮಾಡಿದ ಚೊಚ್ಚಲ ತಾಯಂದಿರಲ್ಲಿ ನೂರಕ್ಕೆ 45 ಮಂದಿ ಮಧ್ಯದಲ್ಲೋ, ಹೆರಿಗೆ ಆದ ಮೇಲೋ ಆಸ್ಪತ್ರೆಗೆ ಹೋದರು. ಹಿಂದೆ ಹೆತ್ತವರಲ್ಲಿ ಅದು ನೂರಕ್ಕೆ 12. ಇಲ್ಲಿನ ವೈದ್ಯಕೀಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2014ರಲ್ಲಿ, ತೊಂದರೆ ಇಲ್ಲದೆ ಹಿಂದೆ ಹೆತ್ತವರಿಗೆ ಮನೆಯೂ ಒಳ್ಳೆಯ ಆಯ್ಕೆ ಎಂದು ಹೇಳಿದ್ದು ಇದೇ ಆಧಾರದ ಮೇಲೆ.

ನನ್ನನ್ನು ಕೇಳಿದರೆ, ಚೊಚ್ಚಲ ಹೆರಿಗೆಗೆ ಮನೆ ಬೇಡ. ಆಸ್ಪತ್ರೆಯ ವಾರ್ಡಿನ ಗಲಾಟೆ ಬೇಡ ಅನ್ನಿಸಿದರೆ ಆಸ್ಪತ್ರೆಯ ಆವರಣದಲ್ಲೇ ಇರುವ ಮಿಡ್‌ವೈಫ್‌ಗಳ ಬರ್ತ್ ಸೆಂಟರ್ ನೋಡಿ. ಅಲ್ಲೂ ಬಿಸಿನೀರಲ್ಲಿ ಕೂತು ಹೆರುವ ಟಬ್ ಇರುತ್ತದೆ, ಮಂದ ಬೆಳಕು ಇರುತ್ತದೆ. ಡಾಕ್ಟರ್ ಬೇಕಾದರೆ ಕಾರಿಡಾರ್ ದಾಟಿದರೆ ಸಾಕು. ನನ್ನ ಮೊದಲನೇ ಮಗು ಹುಟ್ಟಿದ್ದು ಹಾಗೇ.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಬೆಂಗಳೂರಿನಲ್ಲೋ ಹಾಸನದಲ್ಲೋ ಇರುವ ತಂಗಿ "ನಾನೂ ಮನೇಲೇ" ಅಂದರೆ, ಬೇಡಮ್ಮ. ಇಲ್ಲಿ ಮನೆ ಹೆರಿಗೆ ನಡೆಯುವುದು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ತರಬೇತಾದ ಮಿಡ್‌ವೈಫ್ ಇಬ್ಬರು ಮನೆಗೆ ಬರುವುದರಿಂದ, ಅವರ ಬೆನ್ನ ಹಿಂದೆ ಆಂಬ್ಯುಲೆನ್ಸ್ ಮತ್ತು ಆಸ್ಪತ್ರೆ ಇರುವುದರಿಂದ. ಊರಲ್ಲಿ ಆ ಏರ್ಪಾಡು ಇಲ್ಲ. ಕರ್ನಾಟಕದಲ್ಲಿ ಈಗ ನೂರಕ್ಕೆ ಸುಮಾರು 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅದು ಸುಮ್ನೆ ಆದದ್ದಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೂ ಹೆಮ್ಮೆ ಆಗಿತ್ತು. ಆದರೆ "ಅಜ್ಜಿಯರೆಲ್ಲ ಮನೇಲೇ ಹೆರ್ತಿರಲಿಲ್ವಾ" ಅನ್ನುವ ಮಾತು ನನಗೆ ಹಿಡಿಸಲ್ಲ. ಹೆತ್ತು ಉಳಿದ ಅಜ್ಜಿಯರಷ್ಟೇ ನಮಗೆ ಕಥೆ ಹೇಳೋಕೆ ಸಿಕ್ಕಿದ್ದು.

ಯಾರಿಗೆ ಆಗುವುದಿಲ್ಲ ಅನ್ನುವ ಪಟ್ಟಿ ಮಿಡ್‌ವೈಫ್ ಹತ್ತಿರ ಇರುತ್ತದೆ. ಹಿಂದೆ ಸಿಸೇರಿಯನ್ ಆಗಿರುವುದು, ಅವಳಿ, ಬಿಪಿ, ಮಗುವಿನ ತಲೆ ಮೇಲಿರುವುದು, ಹಿಂದಿನ ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿರುವುದು, 37 ವಾರಕ್ಕೆ ಮೊದಲೇ ನೋವು ಬರುವುದು, ಹೀಗೆ. ನಮ್ಮವರು ವಿಶೇಷವಾಗಿ ಗಮನಿಸಬೇಕಾದ್ದು ಎರಡು. ಒಂದು ಸಕ್ಕರೆ. ಭಾರತದ ಮೂಲದವರಿಗೆ 24ರಿಂದ 28 ವಾರದೊಳಗೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಕರೆಯುತ್ತಾರೆ. ತಪ್ಪಿಸಬೇಡಿ. ಬಸುರಿನ ಸಕ್ಕರೆ ಕಾಯಿಲೆ ಇದ್ದರೆ ಆಸ್ಪತ್ರೆಯಲ್ಲೇ ಹೆರಲು ಸಲಹೆ ಕೊಡುತ್ತಾರೆ. ಇನ್ನೊಂದು ರಕ್ತಹೀನತೆ. ಇಲ್ಲಿ ಹಿಮೋಗ್ಲೋಬಿನ್ ಅನ್ನು ಲೀಟರ್ ಲೆಕ್ಕದಲ್ಲಿ ಬರೆಯುತ್ತಾರೆ. ನನ್ನ ರಿಪೋರ್ಟಿನಲ್ಲಿ 112 ಅಂತ ನೋಡಿ ಅಮ್ಮ ಗಾಬರಿಯಾಗಿದ್ದರು. ಊರಿನ ಲೆಕ್ಕದಲ್ಲಿ ಅದು 11.2, ಅಷ್ಟೇ. ಅದು 105ಕ್ಕಿಂತ ಕೆಳಗಿದ್ದರೆ ಮನೆ ಹೆರಿಗೆ ಬಗ್ಗೆ ಮತ್ತೆ ಕೂತು ಮಾತಾಡುತ್ತಾರೆ. 85ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯೇ. ಸೊಪ್ಪು ತಿಂದರೆ ಸಾಕು ಅಂದುಕೊಂಡು ಕೂರಬೇಡಿ, ಕಬ್ಬಿಣದ ಮಾತ್ರೆ ಕೊಟ್ಟರೆ ನುಂಗಿ. ಕಾಫಿ, ಟೀ ಜೊತೆಗಲ್ಲ.

ಮನೆಯಲ್ಲಿ ಹೆರಬೇಕು ಅಂತ ಕೇಳುವುದು ದೊಡ್ಡ ವಿಷಯವಲ್ಲ. ಮೊದಲ ಭೇಟಿಯಲ್ಲೇ ಹೇಳಬಹುದು, ತಡವಾಗಿಯೂ ಹೇಳಬಹುದು. ಬೇಡ ಅನ್ನಿಸಿದರೆ ನೋವು ಶುರುವಾದ ಮೇಲೂ ಮನಸ್ಸು ಬದಲಿಸಬಹುದು, ಯಾರೂ ಬೈಯಲ್ಲ. ಆದರೆ ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ: ಇಬ್ಬರೂ ಮಿಡ್‌ವೈಫ್ ಬರುತ್ತಾರಾ? ರಾತ್ರಿ ಹೊತ್ತು ಬರುತ್ತಾರಾ? ಸಿಬ್ಬಂದಿ ಕಡಿಮೆ ಇದ್ದರೆ ಸೇವೆ ನಿಲ್ಲಿಸುತ್ತೀರಾ? ಕೊನೆಯದಕ್ಕೆ ಉತ್ತರ ಹೆಚ್ಚಾಗಿ "ಕೆಲವು ಸಲ ಹೌದು". ನೋವು ಬಂದ ದಿನ ಫೋನ್ ಮಾಡಿದರೆ "ಇವತ್ತು ಯಾರೂ ಇಲ್ಲ, ನೀವೇ ಬನ್ನಿ" ಅನ್ನಬಹುದು. ಹಾಗಾಗಿ ಆಸ್ಪತ್ರೆಯ ಬ್ಯಾಗು ಕಟ್ಟಿಡಲೇಬೇಕು. ಇಂಗ್ಲಿಷ್ ಕಷ್ಟ ಆದರೆ ದುಭಾಷಿಯನ್ನು ಕೇಳಿ, ಅದಕ್ಕೆ ದುಡ್ಡಿಲ್ಲ.

ಈಗ ಅಮ್ಮಂದಿರ ವಿಷಯ. ಬಾಣಂತನಕ್ಕೆ ಅಂತ ಮೆಂತ್ಯ, ಓಮ, ಒಣಕೊಬ್ಬರಿ, ಶುಂಠಿ ಎಲ್ಲ ತುಂಬಿಕೊಂಡು ಬಂದ ನಮ್ಮಮ್ಮ ವಿಷಯ ಕೇಳಿ ಕುಸಿದು ಕೂತರು. "ಕೈಗೆಟಕೋ ಹಾಗೆ ಆಸ್ಪತ್ರೆ ಇರೋ ದೇಶಕ್ಕೆ ಬಂದು ಮನೇಲಿ ಹೆರ್ತೀನಿ ಅಂತೀಯಲ್ಲೇ, ಬುದ್ಧಿ ನೆಟ್ಟಗಿದ್ಯಾ ನಿಂಗೆ?" ಅವರದು ಅರಕಲಗೂಡಿನ ಕಡೆಯ ಹಳ್ಳಿ. ಚಿಕ್ಕವರಿದ್ದಾಗ ಪಕ್ಕದ ಮನೆಯಾಕೆ ಹೆತ್ತ ಮೇಲೆ ಕಸ (ಮಾಸು) ಬೀಳದೆ, ರಕ್ತ ನಿಲ್ಲದೆ ಹೋದದ್ದನ್ನು ಕಂಡವರು. ಅವರ ಮುಂದೆ ಅಧ್ಯಯನದ ಅಂಕಿ ಹಿಡಿದರೆ ಪ್ರಯೋಜನ ಇಲ್ಲ. 36ನೇ ವಾರದ ಹೊತ್ತಿಗೆ ಮಿಡ್‌ವೈಫ್ ಮನೆ ನೋಡಲು ಬರುತ್ತಾರೆ. ಆವತ್ತು ಅಮ್ಮನನ್ನೂ ಕೂರಿಸಿ, ಬ್ಯಾಗಿನಲ್ಲಿ ಏನೇನು ತರುತ್ತೀರಿ ತೋರಿಸಿ ಅಂತ ಕೇಳಿದೆ.

ಆಕೆ ನಮ್ಮ ಟೀಪಾಯಿ ಮೇಲೆ ಒಂದೊಂದಾಗಿ ಇಟ್ಟರು. ಮಗುವಿನ ಎದೆಬಡಿತ ಕೇಳುವ ಡಾಪ್ಲರ್. ಉಸಿರಾಡದ ಮಗುವಿಗೆ ಗಾಳಿ ಕೊಡುವ, ಅಂಗೈಯಷ್ಟಗಲದ ಮಾಸ್ಕ್ ಇರುವ ಬ್ಯಾಗು. ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್ಪು. ರಕ್ತ ನಿಲ್ಲಿಸುವ ಔಷಧಿ, ಡ್ರಿಪ್ ಹಾಕುವ ಸೂಜಿ. ಅಮ್ಮ ಮಾಸ್ಕನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಒಂದೇ ಪ್ರಶ್ನೆ: "ಕಸ ಬೀಳದಿದ್ರೆ?" ನಾನು ಇಂಗ್ಲಿಷಿಗೆ ತಿರುಗಿಸಿದೆ. ಮಗು ಹುಟ್ಟಿದ ಕೂಡಲೇ ತೊಡೆಗೆ ಇಂಜೆಕ್ಷನ್ ಕೊಡುತ್ತೇವೆ, ಅರ್ಧ ಗಂಟೆಯಲ್ಲಿ ಬೀಳದಿದ್ದರೆ ಆಂಬ್ಯುಲೆನ್ಸ್, ರಕ್ತ ಜಾಸ್ತಿ ಅನ್ನಿಸಿದರೆ ಅರ್ಧ ಗಂಟೆಯೂ ಕಾಯುವುದಿಲ್ಲ ಅಂದರು. ಅಮ್ಮ "ಸರಿ" ಅನ್ನಲಿಲ್ಲ. ಎದ್ದು ಹೋಗಿ ಆಕೆಗೆ ಕಾಫಿ ಮಾಡಿ ತಂದರು. ನಮ್ಮನೆಯಲ್ಲಿ ಅದೇ ಒಪ್ಪಿಗೆ.

ಅಮ್ಮ, ಅತ್ತೆ, ಗೆಳತಿ ಯಾರು ಬೇಕಾದರೂ ಪಕ್ಕದಲ್ಲಿದ್ದು ಸೊಂಟ ನೀವಬಹುದು, ಗಂಜಿ ಕುಡಿಸಬಹುದು. ಹೆರಿಗೆ ಮಾಡಿಸುವ ಕೆಲಸ ಮಾತ್ರ ನೋಂದಾಯಿತ ಮಿಡ್‌ವೈಫ್ ಅಥವಾ ಡಾಕ್ಟರದ್ದೇ. ಮಗು ದಿಢೀರ್ ಬಂದುಬಿಟ್ಟ ತುರ್ತಿನ ಹೊರತು ಬೇರೆಯವರು ಮಾಡಿದರೆ ಇಲ್ಲಿ ಅಪರಾಧ.

ತಯಾರಿಗೆ ದೊಡ್ಡ ಖರ್ಚೇನಿಲ್ಲ. ಹಳೇ ಟವೆಲ್ ಒಂದು ರಾಶಿ, ಪೇಂಟ್ ಮಾಡುವವರು ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಬೆಡ್‌ಶೀಟ್, ಕಸದ ಚೀಲ, ಒಂದು ಬಕೆಟ್, ಒಳ್ಳೆ ಟಾರ್ಚು. ಟಾರ್ಚು ಯಾಕೆ ಅಂದರೆ ಹೊಲಿಗೆ ಹಾಕುವಾಗ ಅವರಿಗೆ ಬೆಳಕು ಬೇಕು. ಚಳಿಗಾಲ ಆದರೆ ಕೋಣೆ ಬೆಚ್ಚಗಿರಲಿ, ಮಗುವಿನ ಟವೆಲನ್ನು ರೇಡಿಯೇಟರ್ ಮೇಲೆ ಹಾಕಿಡಿ. ಮಿಡ್‌ವೈಫ್ ಕಾರು ನಿಲ್ಲಿಸೋಕೆ ಜಾಗ ಇರಲಿ, ಪರ್ಮಿಟ್ ಬೇಕಾದ ರಸ್ತೆ ಆದರೆ ಮೊದಲೇ ತಂದಿಡಿ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿದ್ದರೆ, ಸ್ಟ್ರೆಚರ್ ಹೇಗೆ ಇಳಿಯುತ್ತದೆ ಅಂತ ಈಗಲೇ ಯೋಚಿಸಿ. ದೊಡ್ಡ ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು, ಅವರು ನಡುರಾತ್ರಿ ಫೋನ್ ಎತ್ತುವವರಾಗಿರಬೇಕು.

ನೀರಿನ ಟಬ್ ಬೇಕು ಅನ್ನುವವರು ಲೆಕ್ಕ ಹಾಕಿ. ಗಾಳಿ ತುಂಬುವ ಬರ್ತ್ ಪೂಲಿಗೆ ಐನೂರು, ಆರುನೂರು ಲೀಟರ್ ನೀರು ಹಿಡಿಯುತ್ತದೆ. ಅಂದರೆ ಅರ್ಧ ಟನ್ನಿಗಿಂತ ಜಾಸ್ತಿ ಭಾರ. ಹಳೇ ಮನೆಯ ಮರದ ನೆಲದ ಮಹಡಿಯಲ್ಲಿ ಇಡಬೇಡಿ, ಕೆಳಗಿನ ಹಾಲ್ ಒಳ್ಳೆಯದು. ಟ್ಯಾಂಕಿನ ಬಿಸಿನೀರು ಅರ್ಧಕ್ಕೇ ಖಾಲಿ ಆಗುತ್ತದೆ. ಹಾಗಾಗಿ ಮೊದಲೇ ಒಂದು ದಿನ ತುಂಬಿ ನೋಡಿ, ಪೈಪು ನಲ್ಲಿಗೆ ಕೂರುತ್ತದಾ ಅನ್ನುವುದೂ ಗೊತ್ತಾಗುತ್ತದೆ. ನೀರು 37.5 ಡಿಗ್ರಿಗಿಂತ ಬಿಸಿ ಇರಬಾರದು. ನಮ್ಮ ಎಣ್ಣೆಸ್ನಾನದ ನೀರಿನ ಲೆಕ್ಕದಲ್ಲಿ ಇದು ಉಗುರುಬೆಚ್ಚಗೆ ಅಷ್ಟೇ. ಅಮ್ಮನ ಕೈಗೆ ಥರ್ಮಾಮೀಟರ್ ಕೊಟ್ಟಿರಿ, ಇಲ್ಲದಿದ್ದರೆ ಹಂಡೆ ನೀರು ಮಾಡಿಬಿಡುತ್ತಾರೆ.

ನೋವಿಗೆ ಮನೆಯಲ್ಲಿ ಸಿಗುವುದು ಬಿಸಿನೀರು, ಬೆನ್ನಿಗೆ ಅಂಟಿಸಿ ಸಣ್ಣ ಕರೆಂಟು ಕೊಡುವ ಟೆನ್ಸ್ ಯಂತ್ರ, ಉಸಿರಲ್ಲಿ ಎಳೆದುಕೊಳ್ಳುವ ಗ್ಯಾಸ್ ಅಂಡ್ ಏರ್. ಬೆನ್ನಿಗೆ ಚುಚ್ಚಿ ನೋವು ಗೊತ್ತಾಗದ ಹಾಗೆ ಮಾಡುವ ಎಪಿಡ್ಯೂರಲ್ ಇಲ್ಲ. ಅದು ಬೇಕೆನಿಸಿದರೆ ಆಸ್ಪತ್ರೆಗೆ ಹೋಗಿ, ಅದರಲ್ಲಿ ಸೋಲೇನೂ ಇಲ್ಲ. ಗ್ಯಾಸ್ ಅಂಡ್ ಏರ್ ಅಂದರೆ ಅರ್ಧ ಆಮ್ಲಜನಕ, ಅರ್ಧ ನೈಟ್ರಸ್ ಆಕ್ಸೈಡ್. ಬೆಂಕಿ ಸೋಕಿದರೆ ಧಗ್ಗನೆ ಉರಿಯಲು ಸಹಾಯ ಮಾಡುತ್ತದೆ. ಹಾಗಾಗಿ ಸಿಲಿಂಡರ್ ಇರುವ ಕೋಣೆಯಲ್ಲಿ ದೀಪ, ಊದಿನಕಡ್ಡಿ, ಕರ್ಪೂರ ಯಾವುದೂ ಬೇಡ. ನಮ್ಮ ದೇವರ ಗೂಡು ಹಾಲಿನಲ್ಲೇ ಇತ್ತು. ನೋವು ಶುರುವಾದ ಕೂಡಲೇ ಅಮ್ಮ ತುಪ್ಪದ ದೀಪ ಹಚ್ಚಿದ್ದರು. ಮಿಡ್‌ವೈಫ್ ಬಾಗಿಲಲ್ಲೇ ನಿಂತು ಮೊದಲು ಅದನ್ನು ಕಂಡರು. ದೇವರನ್ನು ದೀಪದ ಸಮೇತ ಅಡುಗೆಮನೆಗೆ ಕಳಿಸಿದೆವು.

ಎರಡನೇ ಮಗು ಕಾಯಿಸಲ್ಲ. ನೋವು ಒಂದೇ ಸಮನೆ ಬರತೊಡಗಿದರೆ ಫೋನ್ ಮಾಡಿ, "ಇನ್ನೂ ಸ್ವಲ್ಪ ನೋಡೋಣ" ಅನ್ನಬೇಡಿ. ಅವರು ಬರುವ ಮೊದಲೇ ಮಗು ಬರುವ ಹಾಗಿದ್ದರೆ ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ, ಅವರು ಹೇಳಿಕೊಡುತ್ತಾರೆ. ಮಗು ಬಂದರೆ ಒರೆಸಿ, ಹೆತ್ತವಳ ಎದೆ ಮೇಲೆ ಮೈಗೆ ಮೈ ತಾಗಿಸಿ ಮಲಗಿಸಿ, ಮೇಲೆ ಒಣ ಟವೆಲ್ ಹೊದಿಸಿ. ಹೊಕ್ಕುಳಬಳ್ಳಿ ಎಳೆಯಬೇಡಿ, ಕತ್ತರಿಸಲೂ ಬೇಡಿ.

ಮಿಡ್‌ವೈಫ್ ಇದ್ದಾಗ ಆಗುವುದೆಲ್ಲ ನಿಧಾನ, ಒಂಥರಾ ಬೇಜಾರಿನ ಕೆಲಸ. ಕಾಲು ಗಂಟೆಗೊಮ್ಮೆ, ಒಂದು ನೋವು ಮುಗಿದ ಕೂಡಲೇ ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತ ಕೇಳುತ್ತಾರೆ. ಮುಕ್ಕುವ ಹೊತ್ತಿಗೆ ಅದು ಐದು ನಿಮಿಷಕ್ಕೊಮ್ಮೆ. ಬಿಪಿ, ಜ್ವರ ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಈ ಬರವಣಿಗೆಯೇ ನಿಮ್ಮ ಕಾವಲು. ಎದೆಬಡಿತ ಏರುಪೇರಾದರೆ, ಮಗು ಒಳಗೇ ಕಕ್ಕ ಮಾಡಿ ನೀರು ಗಾಢ ಹಸಿರಾಗಿದ್ದರೆ, ರಕ್ತ ಕಂಡರೆ, ಬಿಪಿ ಏರಿದರೆ, ಗಂಟೆಗಟ್ಟಲೆ ಮುಂದುವರಿಯದಿದ್ದರೆ ಹೊರಡೋಣ ಅನ್ನುತ್ತಾರೆ. ಆಗ ಚರ್ಚೆ ಬೇಡ. ಯಜಮಾನರಿಗೆ ಇದನ್ನು ಮೊದಲೇ ಹೇಳಿಡಿ, ಆ ಹೊತ್ತಿಗೆ ನಿಮಗೆ ಮಾತಾಡುವ ತ್ರಾಣ ಇರಲ್ಲ. ನಮಗೆ ಆಸ್ಪತ್ರೆ ಇಪ್ಪತ್ತು ನಿಮಿಷದೊಳಗೆ ಇತ್ತು. ಒಂದು ಗಂಟೆ ದೂರ ಇದ್ದಿದ್ದರೆ ನಾನು ಮನೆಯ ಆಸೆ ಬಿಡುತ್ತಿದ್ದೆ.

ಹೆರಿಗೆ ಆದ ಮೇಲೆ ಅವರು ಎರಡು ಮೂರು ಗಂಟೆ ಇರುತ್ತಾರೆ. ಕಸ ಪೂರ್ತಿ ಬಂದಿದೆಯಾ ಅಂತ ಬಟ್ಟಲಿನಲ್ಲಿಟ್ಟು ಬಿಡಿಸಿ ನೋಡುತ್ತಾರೆ. ಬೇಕಾದರೆ ನೀವೇ ಇಟ್ಟುಕೊಂಡು ಹೂಳಬಹುದು, ಇಲ್ಲದಿದ್ದರೆ ಅವರೇ ತೆಗೆದುಕೊಂಡು ಹೋಗುತ್ತಾರೆ. ಮಗುವಿಗೆ ರಕ್ತಸ್ರಾವ ಆಗದಿರಲು ಕೊಡುವ ವಿಟಮಿನ್ ಕೆ ಹಾಕಿಸಿ. ತಕ್ಷಣ ಸ್ನಾನ ಮಾಡಿಸುವ ಹುಕಿ ಅಮ್ಮಂದಿರಿಗೆ ಇರುತ್ತದೆ, ಮೊದಲ ದಿನ ತಡೆಯಿರಿ. ಎಣ್ಣೆ, ನೀರು, ಸಾಂಬ್ರಾಣಿ ಎಲ್ಲಕ್ಕೂ ಮುಂದೆ ಟೈಮ್ ಇದೆ, ಸಾಂಬ್ರಾಣಿ ಹೊಗೆ ಮಗುವಿಗೆ ಬೇಡವೇ ಬೇಡ. ಪ್ಯಾಡ್ ಒದ್ದೆ ಆಗುವ ವೇಗ ಜಾಸ್ತಿ ಅನ್ನಿಸಿದರೆ, ತಲೆ ತಿರುಗಿದರೆ, ಜ್ವರ ಬಂದರೆ ಬಾಣಂತಿಗೆ ಇದು ಮಾಮೂಲಿ ಅಂತ ಯಾರು ಹೇಳಿದರೂ ಕೇಳದೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ತಾನಾಗೇ ಆಗುವ ಕೆಲವು ಕೆಲಸ ಮನೆಯಲ್ಲಿ ಹೆತ್ತವರು ನೆನಪಿಟ್ಟು ಕೇಳಬೇಕು. ಮಗುವಿನ ಪೂರ್ತಿ ಪರೀಕ್ಷೆ 72 ಗಂಟೆಯೊಳಗೆ ಆಗಬೇಕು. ಹಿಮ್ಮಡಿಯಿಂದ ರಕ್ತ ತೆಗೆಯುವುದು ಐದನೇ ದಿನ. ಕಿವಿ ಪರೀಕ್ಷೆಗೆ ಬೇರೆ ಅಪಾಯಿಂಟ್‌ಮೆಂಟ್ ಬರುತ್ತದೆ. ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ಭಾರತದಲ್ಲಿ ಹುಟ್ಟಿದವರಾದರೆ ಮಗುವಿಗೆ ಬಿಸಿಜಿ (ಕ್ಷಯದ ಲಸಿಕೆ) ಸಿಗುತ್ತದೆ, ಅದು ಸುಮಾರು 28ನೇ ದಿನಕ್ಕೆ. ಜನನ ನೋಂದಣಿಗೆ 42 ದಿನ ಅವಕಾಶ. ಹುಟ್ಟಿದ ಸ್ಥಳ ಅಂತ ಸರ್ಟಿಫಿಕೇಟಿನಲ್ಲಿ ಮನೆಯ ವಿಳಾಸವೇ ಬರುತ್ತದೆ, ಕಾಗುಣಿತ ಸರಿಯಿದೆಯಾ ನೋಡಿ ಸಹಿ ಹಾಕಿ. ಮಗುವಿಗೆ ಭಾರತದ ಪೌರತ್ವ ಬೇಕಾದರೆ ಒಂದು ವರ್ಷದೊಳಗೆ ಭಾರತೀಯ ಹೈಕಮಿಷನ್ನಿನಲ್ಲೂ ನೋಂದಾಯಿಸಬೇಕು, ಅಲ್ಲಿಗೂ ಇದೇ ಸರ್ಟಿಫಿಕೇಟ್ ಬೇಕಾಗುತ್ತದೆ. ಎರಡು ಮೂರು ಪ್ರತಿ ಮೊದಲೇ ತೆಗೆದುಕೊಂಡುಬಿಡಿ.