ಉದ್ರಿ ಪುಸ್ತಕ ಗಿರಾಕಿ ಕೈಗೇ ಕೊಟ್ಟೆ

ನನ್ನ ಕಿರಾಣಿ ಅಂಗಡಿ ಕಾರವಾರದ ಬೈತಖೋಲ ಬಂದರಿನ ಹತ್ತಿರ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಬೋಟಿಗೆ ಹೋಗುವವರು, ಇಲ್ಲ ಮೀನು ಮಾರುವ ಹೆಂಗಸರು. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ನನ್ನ ಗಲ್ಲಾದಲ್ಲಿ ನೋಟಿಗಿಂತ ಸಾಲದ ಚೀಟಿಯೇ ಜಾಸ್ತಿ. ಉದ್ರಿ ಅಂದರೆ ಏನಂತ ನಮ್ಮ ಧಂದೆಯವರಿಗೆ ಹೇಳಬೇಕಾ?

ಮೊದಲು ಎಲ್ಲರಂತೆ ನಾನೇ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದೆ. ಆಗಸ್ಟ್ ಬಂತೆಂದರೆ ಜಗಳ. 'ಎಣ್ಣೆ ಒಯ್ದಿದ್ದು ಒಂದೇ ಸಲ', 'ನನ್ನ ಮಗ ಆ ದಿನ ಬಂದೇ ಇಲ್ಲ'. ಒಂದು ವರ್ಷ ಸುಮಾರು 40 ಸಾವಿರ ಮುಳುಗಿತು. ಸಿಟ್ಟಿನಲ್ಲಿ ಮರುವರ್ಷ 'ಉದ್ರಿ ಬಂದ್' ಅಂತ ಬೋರ್ಡ್ ಹಾಕಿದೆ. ಅದು ಇನ್ನೂ ದೊಡ್ಡ ಪೆಟ್ಟು. ಮೀನು ಶುರುವಾಗಿ ಕೈಗೆ ದುಡ್ಡು ಬಂದವರೆಲ್ಲ ನನ್ನ ಅಂಗಡಿ ದಾಟಿ ಮುಂದೆ ಹೋದರು. ನಗದು ವ್ಯಾಪಾರವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಆಮೇಲೆ ಮಾಡಿದ್ದು ಇದು. ಐವತ್ತು ಅರವತ್ತು ಸಣ್ಣ ನೋಟ್‌ಬುಕ್ ತಂದು ಮನೆಗೊಂದು ಕೊಟ್ಟೆ. ಗಿರಾಕಿಯೇ ಬರೆಯಬೇಕು, ಗಿರಾಕಿಯೇ ಇಟ್ಟುಕೊಳ್ಳಬೇಕು. ನನ್ನ ಹತ್ತಿರ ಪ್ರತಿ ಇಲ್ಲ. ಭಾವ 'ನಿಂಗೆ ತಲೆ ಕೆಟ್ಟಿದೆ' ಅಂದ. ವಕೀಲ ಗೆಳೆಯನೊಬ್ಬ, ಉದ್ರಿ ವಸೂಲಿಗೆ ಕಾನೂನಿನಲ್ಲಿ ಮೂರೇ ವರ್ಷ, ಅಷ್ಟರೊಳಗೆ ಸಾಲಗಾರ ಬರೆದು ಸಹಿ ಹಾಕಿದರೆ ಲೆಕ್ಕ ಮತ್ತೆ ಹೊಸದಾಗಿ ಶುರು ಅಂತ ವಿವರಿಸಿದ. ಆಮೇಲೆ ಅವನೇ ನಕ್ಕ. 'ಪುಸ್ತಕ ಅವರ ಮನೆಯಲ್ಲಿದ್ದರೆ ಕೋರ್ಟಿಗೆ ಏನು ಒಯ್ತೀಯಾ, ತಕ್ಕಡಿಯಾ?'

ಮೊದಲ ಮಳೆಗಾಲದಲ್ಲೇ ಒಬ್ಬ ಹಾಳೆ ಹರಿದ. ಆರು ಸಾವಿರದಷ್ಟು ಹೋಯಿತು, ಬರಲೇ ಇಲ್ಲ. ದಾರಿಯಲ್ಲಿ ಸಿಕ್ಕರೆ ಈಗಲೂ ಮೋರೆ ತಿರುಗಿಸುತ್ತಾನೆ. ಮೀನು ಮಾರುವ ಒಬ್ಬ ಅಜ್ಜಿಯ ಪುಸ್ತಕ ಬುಟ್ಟಿಯಲ್ಲಿ ನೆನೆದು ಗಂಜಿಯಾಯಿತು. ಜೆಲ್ ಪೆನ್ನಿನ ಶಾಯಿ, ಒಂದಕ್ಷರ ಉಳಿದಿರಲಿಲ್ಲ. ಅಜ್ಜಿ ಕಟ್ಟೆ ಮೇಲೆ ಕೂತು ಬೆರಳು ಮಡಚುತ್ತಾ ಎರಡು ತಿಂಗಳ ಸಾಮಾನನ್ನೂ ಬಾಯಲ್ಲೇ ಹೇಳಿದಳು. ಕುಚಲಕ್ಕಿ, ಬೆಲ್ಲ, ಚಾಪುಡಿ. ಎದ್ದು ಹತ್ತು ಹೆಜ್ಜೆ ಹೋದವಳು ವಾಪಸ್ ಬಂದು, 'ಎರಡು ಕಡ್ಡಿಪೆಟ್ಟಿಗೆ ಬಿಟ್ಟೋಗಿತ್ತು, ಬರ್ಕೊ ಮಗಾ' ಅಂದಳು. ಅವತ್ತಿನಿಂದ ಪ್ಲಾಸ್ಟಿಕ್ ಕವರ್, ಬಾಲ್ ಪೆನ್ ಕಡ್ಡಾಯ.

ಈಗ ನಾಲ್ಕನೇ ವರ್ಷ. ಮಳೆಗಾಲದ ಉದ್ರಿ ಎರಡೂವರೆ ಲಕ್ಷದ ಹತ್ತಿರ ಹೋಗುತ್ತದೆ. ದೀಪಾವಳಿಯೊಳಗೆ ಐದಾರು ಸಾವಿರ ಬಿಟ್ಟು ಎಲ್ಲ ಬರುತ್ತದೆ. ಈ ಪೇಟೆಯಲ್ಲಿ ಇಷ್ಟು ವಸೂಲಿ ಇನ್ನೊಬ್ಬರದ್ದಿದ್ದರೆ ತೋರಿಸಿ! ಪುಸ್ತಕ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಹೇಗೆ ನೋಡುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅಕ್ಕಿ ಆರಿಸುವ ಕೈ ನೋಡುತ್ತೇನೆ, ಅಷ್ಟು ಸಾಕು.

ಹಾಗೆಯೇ ತಕ್ಕಡಿಯ ಅಂಕಿಯನ್ನೂ ಗಿರಾಕಿ ಕಡೆ ತಿರುಗಿಸಿಟ್ಟೆ. ಅದರಿಂದ ಏನೂ ಆಗಲಿಲ್ಲ, ಯಾರೂ ನೋಡುವುದೇ ಇಲ್ಲ.

ಮನೆಯಲ್ಲೂ ಈ ಪುಸ್ತಕದ ಉಪಾಯವನ್ನೇ ಮಾಡಿ ನೋಡಿದೆ. ಗಲ್ಲಾ ಕೀಲಿಯ ವಿಷಯಕ್ಕೆ ತಮ್ಮನಿಗೂ ನನಗೂ ಒಂದು ವರ್ಷ ಸರಿಯಾಗಿ ಮಾತಿರಲಿಲ್ಲ. ದಿನಾ ನೂರಿನ್ನೂರು ಕಮ್ಮಿ ಬರುತ್ತಿತ್ತು, ನಾನು ದಿನಾ ಎಣಿಸುತ್ತಿದ್ದೆ. ಕೊನೆಗೆ ಅವನಿಗೂ ಒಂದು ನೋಟ್‌ಬುಕ್ ಕೊಟ್ಟು ಕೀಲಿ ಅವನ ಕಡೆ ಸರಿಸಿದೆ. ಈಗ ತೆಗೆದದ್ದನ್ನೆಲ್ಲ ಬರೆಯುತ್ತಾನೆ. ಮೊನ್ನೆ ಕದ್ದು ಓದಿದೆ: 'ಭಜಿ 30. ಅಣ್ಣನೂ ತಿಂದಿದ್ದಾನೆ, ಅರ್ಧ ಅವನ ಲೆಕ್ಕಕ್ಕೆ.'