ಕಾಫಿ ಹೂ ಬಿಟ್ಟ ವಾರ ಅಣ್ಣ ಹೋದ

ಅಣ್ಣನಿಗೆ 44 ವರ್ಷ ಅಷ್ಟೇ. ಬೆಳಿಗ್ಗೆ ಸ್ಪ್ರಿಂಕ್ಲರ್ ಪೈಪ್ ಬದಲಾಯಿಸಲು ತೋಟಕ್ಕೆ ಹೋದವನು ಅಲ್ಲೇ ಕುಸಿದ. ಹೃದಯಾಘಾತ. ಮೊದಲೇ ನೀರು ಬಿಟ್ಟಿದ್ದ ಕಡೆ ರೋಬಸ್ಟಾ ಹೂ ಬಿಟ್ಟಿತ್ತು, ಮಲ್ಲಿಗೆಯಂಥ ಆ ಪರಿಮಳ ಶವಪೆಟ್ಟಿಗೆ ಇಟ್ಟಿದ್ದ ಜಗಲಿಗೂ ಬರುತ್ತಿತ್ತು. ಮೂರ್ನಾಲ್ಕು ದಿನದಲ್ಲಿ ಹೂವೆಲ್ಲ ಕಂದಿಹೋಯಿತು.

ಮರುವಾರವೇ ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ದಿನ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್‌ನಲ್ಲಿ ಫಾದರ್ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಮರಳುವೆ ಅಂದರು. ಚಿಕ್ಕಂದಿನಿಂದ ಕೇಳಿದ ಮಾತು. ಅವತ್ತು ಮಾತ್ರ ಕಾಲು ನಡುಗಿತು.

ಸಮಾಧಾನ ಹೇಳಲು ಬಂದವರು, ಹೂ ಉದುರಿದರೇನು, ಕಾಯಿ ಕಚ್ಚುತ್ತದಲ್ವಾ ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಅದು ಸಾಕಾಗಲಿಲ್ಲ. ಬರುವ ವರ್ಷ ಬೇರೆ ಹೂ ಬರುತ್ತದೆ, ಉದುರಿದ್ದು ಉದುರಿದ್ದೇ. ನನಗೆ ಬೇಕಾಗಿದ್ದವನು ನನ್ನ ಅಣ್ಣ.

ಆಗ ಬೈಬಲಿನ ಕೀರ್ತನೆ 90 ಓದಲು ಶುರು ಮಾಡಿದೆ, ದಿನಾ ಬೆಳಿಗ್ಗೆ, ತೋಟಕ್ಕೆ ಇಳಿಯುವ ಮೊದಲು. ನಮ್ಮ ಆಯಸ್ಸು ಎಪ್ಪತ್ತು ವರ್ಷ, ಬಲವಿದ್ದರೆ ಎಂಬತ್ತು ಅನ್ನುತ್ತದೆ ಅದು; ದಿನಗಳನ್ನು ಎಣಿಸುವುದನ್ನು ಕಲಿಸು ಅಂತ ದೇವರನ್ನು ಬೇಡುತ್ತದೆ. ನಾನು ನಿಜವಾಗಿಯೂ ಎಣಿಸಿದೆ. ಎಪ್ಪತ್ತು ವರ್ಷ ಅಂದರೆ 25,550 ದಿನ ಚಿಲ್ಲರೆ. ನನಗಾಗ 38, ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು. ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬರೀ ಎಣಿಕೆ ಮಾಡಬೇಡಿ ಅಂತ ಅದಕ್ಕೇ ಹೇಳುತ್ತೇನೆ, ಕೀರ್ತನೆಯನ್ನು ಕೊನೆವರೆಗೂ ಓದಿ. ಅದು ಮುಗಿಯುವುದು, ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಅನ್ನುವ ಬೇಡಿಕೆಯಲ್ಲಿ. ಚಿಗುರು ತೆಗೆಯುವಾಗ, ಗೊಬ್ಬರ ಹಾಕುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯ. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ. ಇನ್ನು ಸ್ವಲ್ಪ ಹೊತ್ತಲ್ಲಿ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅಳುತ್ತಾರೆ. ಆಮೇಲೆ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ಹೆಸರು ಹಿಡಿದು! ಅಲ್ಲಿಯವರೆಗೆ ಸತ್ತವರು ಎಲ್ಲೋ ಬೆಳಕಿನಲ್ಲಿ ಸೇರಿಹೋಗುತ್ತಾರೆ ಅಂತ ಸುಮ್ನೆ ಅಂದುಕೊಂಡಿದ್ದೆ. ನಮ್ಮ ನಂಬಿಕೆ ಅಷ್ಟು ಮಸುಕಾದದ್ದಲ್ಲ. ಕ್ರಿಸ್ತ ಸಾವಿನಿಂದ ಎದ್ದಿಲ್ಲವಾದರೆ ನಿಮ್ಮ ನಂಬಿಕೆಯೇ ವ್ಯರ್ಥ ಅಂತ ಸಂತ ಪೌಲರು ಕೊರಿಂಥದವರಿಗೆ ನೇರವಾಗಿ ಬರೆದರು. ಕ್ರಿಸ್ತ ಎದ್ದಿದ್ದಾರೆ, ಅದಕ್ಕೇ ಅಣ್ಣನೂ ಏಳುತ್ತಾನೆ, ಅದೇ ಅಣ್ಣ.

ನವೆಂಬರ್ 2ರಂದು, ಮೃತರ ದಿನ, ಅತ್ತಿಗೆಯ ಜೊತೆ ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು. ನಮ್ಮ ನಂಬಿಕೆಯನ್ನು ಸಾರುವ ಪ್ರಾರ್ಥನೆಯಾದ ವಿಶ್ವಾಸ ಸಂಗ್ರಹ ಹೇಳುತ್ತಾ ಶರೀರದ ಪುನರುತ್ಥಾನ ಅನ್ನುವಲ್ಲಿ ಅತ್ತಿಗೆಯ ಗಂಟಲು ಕಟ್ಟಿತು, ಉಳಿದದ್ದನ್ನು ನಾನು ಹೇಳಿದೆ. ಇಬ್ಬರೂ ಅತ್ತೆವು. ಆಮೇಲೆ ಅತ್ತಿಗೆ ಮೂರನೇ ಸಲ ಬತ್ತಿ ಹಚ್ಚಿ, ಅಂಗೈ ಅಡ್ಡ ಹಿಡಿದು ಕೂತರು.