ಸೂಜಿರಂಧ್ರದಿಂದ ಅಂಚೆಪೆಟ್ಟಿಗೆಗೆ: ನಾನು ಪಿನ್‌ಹೋಲ್ ಕಾರ್ಡ್ ಮಾಡುವ ಬಗೆ

ಶಾಲೆಯ ವಿಜ್ಞಾನ ಪಾಠದಲ್ಲಿ ‘ಸೂಜಿರಂಧ್ರ ಕ್ಯಾಮೆರಾ’ ಎಂದು ಓದಿದ್ದೇವಲ್ಲ, ಇದು ಅದೇ. ಮೇಣದಬತ್ತಿಯ ಬಿಂಬ ತಲೆಕೆಳಗಾಗಿ ಬೀಳುವ ಜಾಗದಲ್ಲಿ ಎಣ್ಣೆಕಾಗದದ ಬದಲು ಫಿಲ್ಮ್ ಇಟ್ಟರಾಯಿತು. ನಾನು ಇದನ್ನು ಮಾಡುವುದು ಪೋಸ್ಟ್‌ಕಾರ್ಡ್ ವಿನಿಮಯಕ್ಕಾಗಿ. ಹಾಗಾಗಿ ನನ್ನ ಲೆಕ್ಕ ಶುರುವಾಗುವುದು ಕಾರ್ಡಿನಿಂದ, ಕ್ಯಾಮೆರಾ ಆಮೇಲೆ.

ಕಾರ್ಡು 10×15 ಸೆಂ.ಮೀ. ಪಿನ್‌ಹೋಲ್ ಚಿತ್ರದಲ್ಲಿ ಒಂದೊಂದು ಬಿಂದುವೂ ಹೆಚ್ಚುಕಡಿಮೆ ರಂಧ್ರದಷ್ಟೇ ಅಗಲದ ಚುಕ್ಕೆಯಾಗಿ ಬೀಳುತ್ತದೆ. 35 ಮಿ.ಮೀ. ಫಿಲ್ಮಿನ ಪುಟ್ಟ ಕ್ಯಾಮೆರಾಕ್ಕೆ 0.2 ಮಿ.ಮೀ. ರಂಧ್ರ ಹಾಕಿದರೂ ಕಾರ್ಡಿಗೆ ನಾಲ್ಕು ಪಟ್ಟು ಹಿಗ್ಗಿಸಬೇಕು, ಆಗ ಚುಕ್ಕೆ 0.8 ಮಿ.ಮೀ. ಆಗಿ ಮುಖಗಳೆಲ್ಲ ಕಲಸಿಹೋಗುತ್ತವೆ. 120 ಫಿಲ್ಮಿನ (ಹಿಂಗಾಗದದೊಂದಿಗೆ ಸುತ್ತಿ ಬರುವ ಅಗಲದ ಫಿಲ್ಮ್) 6×9 ಸೆಂ.ಮೀ. ಎನ್ನುವ ಚೌಕಟ್ಟು ನಿಜದಲ್ಲಿ 56×84 ಮಿ.ಮೀ. ಅದನ್ನು ಹಿಗ್ಗಿಸಬೇಕಾದ್ದು 1.8 ಪಟ್ಟು ಮಾತ್ರ, ಅಳತೆಯ ಅನುಪಾತವೂ ಕಾರ್ಡಿನದೇ, ಏನನ್ನೂ ಕತ್ತರಿಸಬೇಕಿಲ್ಲ. ಇದೇ ಚಿತ್ರವನ್ನು ಗೋಡೆಗೆ ತೂಗುವಷ್ಟು ದೊಡ್ಡದು ಮಾಡಿದರೆ ಪೇಲವವಾಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಅಳತೆಯೇ ಇದಕ್ಕೆ ತಕ್ಕದ್ದು.

ರಂಧ್ರದಿಂದ ಫಿಲ್ಮಿಗೆ 50 ಮಿ.ಮೀ. ದೂರ ಇಡುತ್ತೇನೆ. ಮಿ.ಮೀ. ಲೆಕ್ಕದ ಈ ದೂರವನ್ನು 0.00055ರಿಂದ (ಬೆಳಕಿನ ತರಂಗಾಂತರ, ಅದೂ ಮಿ.ಮೀ.ಯಲ್ಲಿ) ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿದರೆ ಸರಿಯಾದ ವ್ಯಾಸ ಸಿಗುತ್ತದೆ. ಇಲ್ಲಿ 0.31 ಬರುತ್ತದೆ, ನಾನು 0.3 ಹಿಡಿಯುತ್ತೇನೆ. ಇನ್ನೂ ಚಿಕ್ಕದು ಮಾಡಿದರೆ ಇನ್ನೂ ಚೂಪಾದೀತು ಎಂಬುದು ತಪ್ಪು ಲೆಕ್ಕ. ಒಂದು ಮಿತಿ ದಾಟಿದ ಮೇಲೆ ಬೆಳಕು ರಂಧ್ರದ ಅಂಚಿನಲ್ಲಿ ಬಾಗಿ ಹರಡುತ್ತದೆ, ಚಿತ್ರ ಮತ್ತೆ ಮಸುಕಾಗುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದ್ದು ರಂಧ್ರಕ್ಕೇ. ತಂಪು ಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ. ಅದನ್ನು ರಟ್ಟಿನ ಮೇಲಿಟ್ಟು, ತೆಳು ಹೊಲಿಗೆಸೂಜಿಯ ತುದಿಯನ್ನಷ್ಟೇ ಒತ್ತಿ ಹಿಂದೆ ಒಂದು ಗುಬುಟು ಏಳಿಸುತ್ತೇನೆ, ತೂತು ಮಾಡುವುದಿಲ್ಲ. ಗುಬುಟನ್ನು 600ರ ನೀರು ಮರಳುಕಾಗದದಲ್ಲಿ ಉಜ್ಜುತ್ತೇನೆ. ಮತ್ತೆ ಸೂಜಿಯನ್ನು ತಿರುಗಿಸುತ್ತ ಒತ್ತಿ, ಮತ್ತೆ ಉಜ್ಜಿ, ಕೊನೆಗೆ 1000ರ ಕಾಗದದಲ್ಲಿ ನಯ ಮಾಡುತ್ತೇನೆ. ನಾಲ್ಕೈದು ಸಲ ಹೀಗೆ ಮಾಡುವಾಗ ರಂಧ್ರದ ಸುತ್ತ ತಗಡು ತೆಳುವಾಗುತ್ತ ಬರುತ್ತದೆ, ಅದು ಮುಖ್ಯ. ದಪ್ಪ ತಗಡಿನ ರಂಧ್ರವೆಂದರೆ ಸಣ್ಣ ಕೊಳವೆ. ಓರೆಯಾಗಿ ಬರುವ ಬೆಳಕನ್ನು ಅದು ತಡೆಯುತ್ತದೆ, ಮೂಲೆಗಳು ಕಪ್ಪಾಗುತ್ತವೆ. ಅಳತೆಗೆ ತಗಡನ್ನು 2400 ಡಿಪಿಐನಲ್ಲಿ (ಇಂಚಿಗೆ 2400 ಪಿಕ್ಸೆಲ್) ಸ್ಕ್ಯಾನ್ ಮಾಡಿ ಪಿಕ್ಸೆಲ್ ಎಣಿಸುತ್ತೇನೆ: 28 ಬಂದರೆ 0.3 ಮಿ.ಮೀ. ಅಂಚಿನಲ್ಲಿ ಒಂದು ಎಳೆ ನಿಂತಿದ್ದರೂ ಸ್ಕ್ಯಾನಿನಲ್ಲಿ ಕಾಣುತ್ತದೆ. ಒಳಮುಖಕ್ಕೆ ಕಪ್ಪು ಮಾರ್ಕರ್ ಬಳಿಯಬೇಕು. ಬಳಿಯದಿದ್ದರೆ ಫಿಲ್ಮಿನಿಂದ ಮರಳಿದ ಬೆಳಕು ತಗಡಿನ ಹೊಳಪಿಗೆ ತಾಗಿ ಚಿತ್ರದ ನಡುವೆ ಮಂಜು ಕವಿಯುತ್ತದೆ.

ಪೆಟ್ಟಿಗೆ ಮರದ್ದಾಗಲಿ ದಪ್ಪ ರಟ್ಟಿನದ್ದಾಗಲಿ, ಕೆಡುವುದು ಎರಡೇ ಕಡೆ. ಒಂದು, ಫಿಲ್ಮ್ ಎಷ್ಟು ಸುತ್ತಿದೆಯೆಂದು ಅಂಕಿ ನೋಡುವ ಹಿಂದಿನ ಕೆಂಪು ಕಿಟಕಿ. 120 ಫಿಲ್ಮಿನ ಹಿಂಗಾಗದದಲ್ಲಿ ನಡುವಿನ ಅಂಕಿಸಾಲು 6×6ರದ್ದು, 6×9ರ ಸಾಲು ಒಂದು ಅಂಚಿಗಿದೆ. ಕಿಟಕಿ ನಡುವೆ ಕೊರೆದರೆ ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ಈಗಿನ ಫಿಲ್ಮುಗಳು ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ ಅಂಕಿ ನೋಡುವಾಗ ಮಾತ್ರ ಕಿಟಕಿಯ ಟೇಪ್ ಎತ್ತಬೇಕು, ಅದೂ ನೆರಳಿನಲ್ಲಿ. ಇನ್ನೊಂದು, ಸಡಿಲ ಸುತ್ತು. ಲೆನ್ಸ್ ಇಲ್ಲದ್ದರಿಂದ ಫಿಲ್ಮ್ ಸ್ವಲ್ಪ ಉಬ್ಬಿದರೂ ಫೋಕಸ್ ಕೆಡುವ ಪ್ರಶ್ನೆಯಿಲ್ಲ, ಆದರೆ ಸಡಿಲವಾಗಿ ಸುತ್ತಿದ ರೀಲನ್ನು ಹೊರತೆಗೆದಾಗ ಅಂಚಿನಿಂದ ಬೆಳಕು ನುಗ್ಗುತ್ತದೆ. ಪೂರೈಸುವ ರೀಲಿನ ಅಡಿಗೆ ಒಂದು ತುಂಡು ಸ್ಪಂಜು ಒತ್ತಿಟ್ಟರೆ ಬಿಗಿ ಬರುತ್ತದೆ.

50ಕ್ಕೆ 0.3 ಅಂದರೆ ಎಫ್/167 (ದೂರವನ್ನು ವ್ಯಾಸದಿಂದ ಭಾಗಿಸಿದ ಸಂಖ್ಯೆ). ಬೆಳಕು ಅಳೆಯುವ ಮೀಟರನ್ನು ಎಫ್/16ಕ್ಕೆ ಇಟ್ಟು ಬಂದ ಕಾಲವನ್ನು 110ರಿಂದ ಗುಣಿಸುತ್ತೇನೆ. ಐಎಸ್ಒ 125 ವೇಗದ ಕಪ್ಪುಬಿಳುಪು ಎಫ್‌ಪಿ4 ಪ್ಲಸ್ ಫಿಲ್ಮಿಗೆ ನೇರ ಬಿಸಿಲಿನಲ್ಲಿ ಸುಮಾರು 1 ಸೆಕೆಂಡು, ಕೈಯಿಂದಲೇ ತೆರೆದು ಮುಚ್ಚಬಹುದು. 400ರ ಫಿಲ್ಮ್ ಹಾಕಿದರೆ ಕಾಲು ಸೆಕೆಂಡಿಗಿಳಿಯುತ್ತದೆ, ಕೈಗೆ ನಿಲುಕುವುದಿಲ್ಲ. ವೇಗದ ಫಿಲ್ಮ್ ಒಳ್ಳೆಯದೆಂಬ ಲೆಕ್ಕ ಇಲ್ಲಿ ತಿರುಗುಮುರುಗು. ಬೆಳಕು ಕಡಿಮೆಯಾಗಿ ಹೊತ್ತು ಉದ್ದವಾದಾಗ ಫಿಲ್ಮಿನ ಸ್ಪಂದನೆ ಮಂದವಾಗುತ್ತದೆ, ಅದಕ್ಕೆ ಎಫ್‌ಪಿ4ರಲ್ಲಿ ಲೆಕ್ಕದ ಸೆಕೆಂಡುಗಳನ್ನು 1.26ರ ಘಾತಕ್ಕೇರಿಸಬೇಕು: 8 ಸೆಕೆಂಡು 14 ಆಗುತ್ತದೆ, 60 ಸೆಕೆಂಡು ಸುಮಾರು 3 ನಿಮಿಷ. ಈ ಕೋಷ್ಟಕ ಬರೆದು ಪೆಟ್ಟಿಗೆಗೇ ಅಂಟಿಸಿದ್ದೇನೆ. ಅಳುಕಿದಾಗ ಹೆಚ್ಚೇ ಕೊಡುವುದು ನನ್ನ ರೂಢಿ, ಏಕೆಂದರೆ ಈ ಅಳತೆಯಲ್ಲಿ ಚೌಕಟ್ಟಿನ ಮೂಲೆಗಳಿಗೆ ನಡುವಿನ ಕಾಲು ಭಾಗದಷ್ಟೇ ಬೆಳಕು ತಲುಪುತ್ತದೆ.

ರಂಧ್ರಕ್ಕೆ ಟೇಪ್ ಅಂಟಿಸಿದ್ದರೆ ಅದನ್ನು ಕೀಳುವ ಅಲುಗಾಟವೂ ಚಿತ್ರಕ್ಕೆ ಬರುತ್ತದೆ. ಮುಂದೆ ಕಪ್ಪು ರಟ್ಟು ಹಿಡಿದು ಟೇಪ್ ಕಿತ್ತು, ಪೆಟ್ಟಿಗೆ ನಿಶ್ಚಲವಾದ ಮೇಲೆ ರಟ್ಟು ಸರಿಸುತ್ತೇನೆ. ನೋಡುಗಣ್ಣಿಲ್ಲ, ಪೆಟ್ಟಿಗೆಯ ಮೇಲೆ ರಂಧ್ರದಿಂದ ಫಿಲ್ಮಿನ ಎರಡು ತುದಿಗೆ ಎಳೆದ ಗೆರೆಗಳೇ ಸಾಕು, ನಡುವಿನ ಕೋನ 80 ಡಿಗ್ರಿ. ಇಷ್ಟು ಅಗಲದ ನೋಟದಲ್ಲಿ ದೂರದ್ದೆಲ್ಲ ಇರುವೆಯಾಗುತ್ತದೆ, ಕಾರ್ಡಿನಲ್ಲಿ ಕಾಣುವುದೇ ಇಲ್ಲ. ಹತ್ತಿಪ್ಪತ್ತು ಸೆಂ.ಮೀ. ದೂರದಲ್ಲಿ ಏನಾದರೊಂದು ಬೇಕು: ಹುಲ್ಲು, ಮೆಟ್ಟಿಲಿನ ಅಂಚು. ಹತ್ತಿರದ್ದೂ ದೂರದ್ದೂ ಹೆಚ್ಚುಕಡಿಮೆ ಒಂದೇ ಮೃದುತನದಲ್ಲಿ ಬರುತ್ತವೆ. ತೆಗೆದ ತಕ್ಷಣ ಫಿಲ್ಮ್ ಸುತ್ತುತ್ತೇನೆ, ಆಮೇಲೆ ಎಂದರೆ ಮರೆತೇಹೋಗುತ್ತದೆ.

ಫಿಲ್ಮ್ ತೊಳೆಯುವುದರಲ್ಲಿ ವಿಶೇಷವೇನಿಲ್ಲ. ಮುದ್ರಣದಲ್ಲಿ ಇದೆ. 8×10 ಇಂಚಿನ ಫೋಟೋ ಕಾಗದದ ಒಂದು ಹಾಳೆಯಿಂದ ಮೂರು 4×6 ಕಾರ್ಡುಗಳೂ 2×4ರ ಒಂದು ಪಟ್ಟಿಯೂ ಸಿಗುತ್ತವೆ, ಆ ಪಟ್ಟಿ ಪರೀಕ್ಷೆಗೆ. ಸಾಮಾನ್ಯ ನೆಗೆಟಿವ್‌ಗೆ ಗ್ರೇಡ್ (ಕಪ್ಪು-ಬಿಳಿಯ ವ್ಯತ್ಯಾಸದ ಮಟ್ಟ) 2 ಸಾಕಾದರೆ ಇದಕ್ಕೆ ನಾನು 3 ಇಲ್ಲವೇ 3.5 ಬಳಸುತ್ತೇನೆ, ಮಂದ ಚಿತ್ರ ಆಗ ಎದ್ದು ನಿಲ್ಲುತ್ತದೆ. ಸುತ್ತ 5 ಮಿ.ಮೀ. ಬಿಳಿ ಅಂಚು ಬಿಡುತ್ತೇನೆ. ಅಂಚೆಯಲ್ಲಿ ಮೂಲೆ ಜಜ್ಜಿದರೆ ಬಿರಿಯುವುದು ಬಿಳಿ ಭಾಗವಾಗಲಿ.

ಕಾಗದದ ಆಯ್ಕೆ ಹಿಂಬದಿಯನ್ನು ನೋಡಿ ಮಾಡುವಂಥದ್ದು. ಆರ್‌ಸಿ ಕಾಗದದ ಹಿಂಬದಿ ಪ್ಲಾಸ್ಟಿಕ್: ಶಾಯಿ ಒರೆಸಿಹೋಗುತ್ತದೆ, ಒದ್ದೆ ಮಾಡಿ ಅಂಟಿಸಿದ ಅಂಚೆಚೀಟಿ ಉದುರುತ್ತದೆ. ಅದಕ್ಕೆ ಪರ್ಮನೆಂಟ್ ಮಾರ್ಕರ್, ಚೀಟಿಗೆ ಗ್ಲೂ ಸ್ಟಿಕ್. ಡಬಲ್ ವೇಟ್ ಫೈಬರ್ (ಪ್ಲಾಸ್ಟಿಕ್ ಲೇಪವಿಲ್ಲದ ದಪ್ಪ) ಕಾಗದ ಪೆನ್ನನ್ನೂ ಅಂಚೆಮುದ್ರೆಯನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಸುರುಳಿಯಾಗುತ್ತದೆ. ಒಣಗಿದ ಮೇಲೆ ಎರಡು ದಿನ ಭಾರದ ಪುಸ್ತಕಗಳ ಕೆಳಗಿಡಬೇಕು. ತೊಳೆಯಲೂ ಹೊತ್ತು ಹಿಡಿಯುತ್ತದೆ. ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಉಳಿದರೆ ಕಾರ್ಡು ಹಳದಿಗಟ್ಟುತ್ತದೆ, ಪಡೆದವರ ಕಪಾಟಿನಲ್ಲಿ.

ವಿಳಾಸ ಬಲ ಅರ್ಧದಲ್ಲಿ, ಕೆಳಗಿನ 1.5 ಸೆಂ.ಮೀ. ಖಾಲಿ, ಹಲವು ದೇಶಗಳಲ್ಲಿ ವಿಂಗಡಣೆಯ ಯಂತ್ರ ಅಲ್ಲಿ ಗೆರೆಗಳನ್ನು ಒತ್ತುತ್ತದೆ. ಎಡ ಅರ್ಧದಲ್ಲಿ ರಂಧ್ರ, ದೂರ, ಫಿಲ್ಮ್, ಸೆಕೆಂಡು ಬರೆಯುತ್ತೇನೆ. ಇದೇ ಹವ್ಯಾಸದವರು ಮೊದಲು ಓದುವುದು ಅದನ್ನೇ. ವಿಶ್ವ ಪಿನ್‌ಹೋಲ್ ದಿನ ಏಪ್ರಿಲ್‌ನ ಕೊನೆಯ ಭಾನುವಾರ, 2001ರಿಂದ ನಡೆದುಬಂದಿದೆ. ಅಂದು ತೆಗೆದದ್ದನ್ನು ಅಕ್ಟೋಬರ್ 1ರ ವಿಶ್ವ ಪೋಸ್ಟ್‌ಕಾರ್ಡ್ ದಿನಕ್ಕೆ ತಲುಪಿಸಲು ಬೇಕಾದಷ್ಟು ಬಿಡುವಿದೆ. ಆಸ್ಟ್ರಿಯಾ-ಹಂಗೇರಿಯಲ್ಲಿ 1869ರಲ್ಲಿ ಮೊದಲ ಅಂಚೆಕಾರ್ಡ್ ಹೊರಬಂದ ದಿನ ಅದು.

ಹೊಸ ಕಾಗದವಾಗಲಿ ಹೊಸ ಶಾಯಿಯಾಗಲಿ, ಮೊದಲ ಕಾರ್ಡನ್ನು ನನ್ನ ವಿಳಾಸಕ್ಕೇ ಹಾಕುತ್ತೇನೆ. ಚೀಟಿ ನಿಂತಿದೆಯೇ, ಅಕ್ಷರ ಉಜ್ಜಿಹೋಗಿದೆಯೇ, ಚಿತ್ರದ ಮೇಲೆ ಗೀರು ಬಿದ್ದಿದೆಯೇ ಎಂದು ನೋಡಿದ ಮೇಲೆ ಉಳಿದವು ಅಂಚೆಪೆಟ್ಟಿಗೆಗೆ ಬೀಳುತ್ತವೆ.